ಪೋರ್ತೊ ವೆಲ್ಯೊದ ಇರುವೆಹಕ್ಕಿ: ಹೊಳೆಯ ಯಾವ ದಂಡೆಯದು?

ಪ್ರಶ್ನೆ: ಹಕ್ಕಿ ಹಾಡುಗಳ ಹಳೆಯ ಕಡತಗಳನ್ನು ಜೋಡಿಸುತ್ತಿದ್ದೇನೆ. 1998ರ ಎರಡು ಧ್ವನಿಮುದ್ರಣಗಳ ಮೇಲೆ ‘ಹಿಪೊಕ್ನೆಮಿಸ್ ಕ್ಯಾಂಟೇಟರ್, ಪೋರ್ತೊ ವೆಲ್ಯೊ, ಬ್ರೆಜಿಲ್’ ಎಂದಷ್ಟೇ ಇದೆ (ಮೊದಲ ಎರಡು ಪದ ಇರುವೆಹಕ್ಕಿಯೊಂದರ ವೈಜ್ಞಾನಿಕ ಹೆಸರು). ಉಪಪ್ರಭೇದ ಯಾವುದೆಂದು ಬರೆಯಲಿ?

ಉತ್ತರ: ಉಪಪ್ರಭೇದ ಆಮೇಲೆ, ಮೊದಲು ಪ್ರಭೇದದ ಹೆಸರನ್ನೇ ಬದಲಿಸಬೇಕು. 2007ರಲ್ಲಿ ಹಕ್ಕಿತಜ್ಞರಾದ ಐಸ್ಲರ್ ದಂಪತಿ ಮತ್ತು ಬ್ರೆಟ್ ವಿಟ್ನಿ ಹಾಡುಗಳನ್ನು ಅಳೆದು ನೋಡಿ ಈ ಒಂದು ಪ್ರಭೇದವನ್ನು ಆರಾಗಿ ಬಿಡಿಸಿದರು. 2013ರಲ್ಲಿ ರೊಂಡೊನಿ ಏಳನೆಯದಾಗಿ ಸೇರಿತು. ಕ್ಯಾಂಟೇಟರ್ ಎಂಬ ಹೆಸರು ಈಗ ಅಮೆಜಾನ್ ನದಿಯ ಉತ್ತರಕ್ಕೆ, ಗಯಾನಾ ಸೀಮೆಯಲ್ಲಿರುವ ಹಕ್ಕಿಗೆ ಮಾತ್ರ.

ಪೋರ್ತೊ ವೆಲ್ಯೊ ಊರು ಮಡೈರಾ ನದಿಯ ಬಲದಂಡೆಯಲ್ಲಿದೆ. ಅಲ್ಲಿಯದಾದರೆ ಆ ಏಳರಲ್ಲಿ ಒಂದಾದ ಓಕ್ರೊಗೈನ ಪ್ರಭೇದ, ಇದಕ್ಕೆ ಉಪಪ್ರಭೇದಗಳಿಲ್ಲ. ಎಡದಂಡೆಯದಾದರೆ ಪೆರುವಿಯಾನ ಪ್ರಭೇದ, ಅದರಲ್ಲೂ ಅದೇ ಹೆಸರಿನ ಪೆರುವಿಯಾನ ಉಪಪ್ರಭೇದವೇ. ಇನ್ನೊಂದು ಉಪಪ್ರಭೇದವಾದ ಸ್ಯಾಟುರೇಟ ಇರುವುದು ಈಕ್ವೆಡಾರ್, ಕೊಲಂಬಿಯಾ ಕಡೆ. ತೊಡಕು ಎಲ್ಲಿದೆಯೆಂದರೆ, ಪೋರ್ತೊ ವೆಲ್ಯೊ ನಗರಾಡಳಿತದ ಗಡಿ ಹೊಳೆಯ ಎರಡೂ ಕಡೆ ಚಾಚಿಕೊಂಡಿದೆ. ಊರಿನ ಹೆಸರೊಂದನ್ನೇ ನಂಬಬೇಡಿ. ದಂಡೆ ಯಾವುದೆಂದು ಮೂಲ ಟಿಪ್ಪಣಿಯಲ್ಲಿ ಹುಡುಕಿ. ಹಕ್ಕಿಯನ್ನು ಕಂಡು ಬರೆದ ವಿವರವಿದ್ದರೆ ಹೆಣ್ಣಿನ ಬೆನ್ನು ನೋಡಿ: ಓಕ್ರೊಗೈನದಲ್ಲಿ ಅದು ಕಾವಿ ಬೆರೆತ ಕಂದು. ಹೆಸರು ಬಂದದ್ದೂ ಅದರಿಂದಲೇ.

ಪಾಲಕ್ಕಾಡ್ ಕಣಿವೆ ನಮ್ಮ ಶೋಲಾ ಹಕ್ಕಿಗಳನ್ನು ಬೇರ್ಪಡಿಸಿದ ಹಾಗೆ ಅಲ್ಲಿ ದೊಡ್ಡ ಹೊಳೆಗಳೇ ಎಲ್ಲೆ. ಏಳರಲ್ಲಿ ಇನ್ನೊಂದಾದ ಸ್ಟ್ರಯಾಟದ ಉಪಪ್ರಭೇದಗಳಲ್ಲಿ ಇದು ಎದ್ದು ಕಾಣುತ್ತದೆ: ತಪಜೋಸ್ ನದಿಯ ಪಶ್ಚಿಮಕ್ಕೆ ಇಂಪ್ಲಿಕೇಟ, ತಪಜೋಸ್–ಶಿಂಗು ನದಿಗಳ ನಡುವೆ ಸ್ಟ್ರಯಾಟ, ಶಿಂಗು–ತೊಕಾಂತಿನ್ಸ್ ನಡುವೆ ಅಫಿನಿಸ್.

ಮರುಪ್ರಶ್ನೆ: ಕಾಡಿನಲ್ಲಿ ಒಂದರ ಹಾಡು ಕೇಳಿಸಿದಾಗ ಇನ್ನೊಂದು ಎದುರು ಹಾಡಿದರೆ ಎರಡೂ ಒಂದೇ ಪ್ರಭೇದ ಎನ್ನಬಹುದೇ?

ಉತ್ತರ (ಇನ್ನೊಬ್ಬರು): ಈ ಹಕ್ಕಿಗಳಲ್ಲಿ ಖಂಡಿತ ಬೇಡ. ಆಗ್ನೇಯ ಪೆರುವಿನಲ್ಲಿ ಪೆರುವಿಯಾನ ಮತ್ತು ಆ ಏಳರಲ್ಲೇ ಒಂದಾದ ಸಬ್‌ಫ್ಲೇವ ಅಕ್ಕಪಕ್ಕದಲ್ಲೇ ಬದುಕುತ್ತವೆ. 2009ರಲ್ಲಿ ಸಂಶೋಧಕರಾದ ಟೊಬಯಸ್ ಮತ್ತು ಸೆಡನ್ ತೋರಿಸಿದಂತೆ, ಅಲ್ಲಿ ಗಂಡುಗಳ ಹಾಡು ಒಂದನ್ನೊಂದು ಹೋಲುವಷ್ಟು ಹತ್ತಿರ ಬಂದಿದೆ. ಜಾಗಕ್ಕಾಗಿ ಪರಸ್ಪರ ಕಾದಾಡುವುದರಿಂದ ಎದುರಾಳಿಯ ಹಾಡಿಗೂ ತಮ್ಮದೇ ಹಾಡಿಗೆಂಬಂತೆ ಸಿಡಿದೇಳುತ್ತವೆ. ಹಾಗಾಗಿ ಹಾಡನ್ನು ಬಿಟ್ಟು ಚಿಕ್ಕ ಕರೆಗಳನ್ನು ಹೋಲಿಸಿ. ವ್ಯತ್ಯಾಸ ಉಳಿದಿರುವುದು ಅವುಗಳಲ್ಲಿ. ನೆಲೆಯನ್ನೂ ನೋಡಿ: ಅಲ್ಲಿ ಸಬ್‌ಫ್ಲೇವ ಬಿದಿರುಮೆಳೆಗೆ ಅಂಟಿಕೊಂಡಿರುತ್ತದೆ, ಎದೆ ಹಳದಿ. ಪೆರುವಿಯಾನದ ಎದೆ ಬಿಳಿ, ಪಕ್ಕೆ ಮಾತ್ರ ಕೆಂಗಂದು.

ನಿಮ್ಮ ಮುದ್ರಣಗಳ ಬಗ್ಗೆ ಇನ್ನೊಂದು ಮಾತು. ಸ್ಪೆಕ್ಟ್ರೋಗ್ರಾಂನಲ್ಲಿ (ಧ್ವನಿಯನ್ನು ಚಿತ್ರವಾಗಿ ತೋರಿಸುವ ನಕ್ಷೆ) ಸ್ವರ ಎಣಿಸುವಾಗ ಜೋಡಿಹಾಡನ್ನು ಒಂದೇ ಹಾಡೆಂದು ಲೆಕ್ಕ ಹಾಕಬೇಡಿ. ಗಂಡಿನ ಹಾಡಿನ ಬೆನ್ನಿಗೇ ಹೆಣ್ಣು ಶುರುಮಾಡುತ್ತದೆ, ಕೆಲವೊಮ್ಮೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಅಲ್ಲೇ ಎಣಿಕೆ ತಪ್ಪುವುದು. ದಂಡೆ ಗೊತ್ತಾಗದಿದ್ದರೆ ‘ಹಿಪೊಕ್ನೆಮಿಸ್, ಪ್ರಭೇದ ಅನಿಶ್ಚಿತ’ ಎಂದು ಬರೆದು, ಹಳೆಯ ಹೆಸರನ್ನು ಅಳಿಸದೆ ಪಕ್ಕದಲ್ಲೇ ಇಡಿ.