ಮನಿ ಮಂದಿ ಗುಂಪು: ಪಿಕಪ್ಪಿನ ಬಲಗಡಿ ಇಂಡಿಕೇಟರ್

ಅಣ್ಣ, ಮಾರ್ಕೆಟ್ ಯಾರ್ಡ್: *ಫಾರ್ವರ್ಡ್ ಆದದ್ದು* "ಡ್ರೈವರ್ ಮಿತ್ರರೇ, ಇಂಡಿಕೇಟರ್ ವೇಗವಾಗಿ ಮಿನುಗಿದರೆ ಸ್ಟೇರಿಂಗ್ ಸ್ವಿಚ್ ಹೋಗಿದೆ ಎಂದೇ ಅರ್ಥ. ತಡಮಾಡದೆ ಹೊಸದು ಹಾಕಿಸಿ. ಎಲ್ಲರಿಗೂ ತಲುಪಿಸಿ."

ಅಣ್ಣ, ಮಾರ್ಕೆಟ್ ಯಾರ್ಡ್: ನಮ್ಮ ಪಿಕಪ್ಪಿಂದೂ ಹಿಂಗ ಐತಿ. ಬಲಕ್ಕ ಹಾಕಿದ್ರ ಒಮ್ಮೊಮ್ಮೆ ಜೋರ ಬಡೀತೈತಿ, ಒಮ್ಮೊಮ್ಮೆ ಮಂಕಾಗಿ ಹತ್ತಿ ಹಂಗ ನಿಂದರತೈತಿ. ಲಿವರ್ ಒತ್ತಿ ಹಿಡದ್ರ ಸರಿ ಆಗತೈತಿ. ಎಡಕ್ಕ ಏನೂ ತಕರಾರಿಲ್ಲ. ಸ್ವಿಚ್ ತರಸ್ಲೇನ?

ಕಾಕಾ, ಭೋಸರಿ: ಆ ಮೆಸೇಜ್ ತಪ್ಪೈತಿ ತಮ್ಮಾ, ಮುಂದ ಕಳಸಬ್ಯಾಡ. ಜೋರ ಬಡಿಯೋದು ಬಹಳ ಸಲ ಬಲ್ಬಿನ ಮಾತು. ಒಂದು ಕಡಿಗೆ ಮುಂದೊಂದು ಹಿಂದೊಂದು 21 ವಾಟಿನವು, ಬಾಜೂಕ 5 ವಾಟಿಂದೊಂದು. ಕೂಡಿ 47 ವಾಟ್, ಅಂದ್ರ 4 ಆಂಪಿಯರಿಗೆ ಚೂರು ಕಮ್ಮಿ. 21ರದೊಂದು ಹಾರಿದ್ರ ಕರೆಂಟ್ ಹೆಚ್ಚೂಕಡಿಮಿ ಅರ್ಧಕ್ಕ ಇಳೀತೈತಿ. ಡ್ರೈವರಿಗೆ ತಿಳೀಲಿ ಅಂತ ಫ್ಲ್ಯಾಶರ್, ಅಂದ್ರ ದೀಪ ಮಿಣುಕಸೋ ಡಬ್ಬಿ, ಆಗ ಬೇಕಂತನ ಜೋರ ಬಡೀತೈತಿ. ನಿಮಿಷಕ್ಕ 60ರಿಂದ 120ರೊಳಗ ಇರಬೇಕು. ಗಡಿಯಾರ ಹಿಡಿದು ಎಣಿಸು.

ಮಾಮಾ, ಪನವೇಲ್: ಬೀಗರ, ಲಿವರ್ ಒತ್ತಿದ್ರ ಸರಿ ಆಗತೈತಿ ಅಂದ್ಮ್ಯಾಲ ಬಲ್ಬ್ ಹೆಂಗ ಆಗತೈತ್ರಿ? ನಾಲ್ಕೂ ಇಂಡಿಕೇಟರ್ ಒಮ್ಮೆಲೆ ಹಾಕಿ ನೋಡಪ. ಅವು ಬರೋಬ್ಬರಿ ಬಡದ್ರ ಬಲ್ಬ್, ವೈರಿಂಗ್ ಎಲ್ಲಾ ಚಲೋ ಅದಾವ, ಸ್ವಿಚ್ಚ ಹೋಗೈತಿ. ಮಳಿಗಾಲದಾಗ ಖಂಡಾಳಾ ಘಾಟಿನ್ಯಾಗ ಮಂಜ ಬಿದ್ದಾಗ ಬಲದ್ದು ಹತ್ತದ ಬಂಡಿ ಓಡಿಸಬಾರದು. ಹೊಸದು ಹಾಕಿ ಮುಗಸು.

ಅಣ್ಣ, ಮಾರ್ಕೆಟ್ ಯಾರ್ಡ್: ನಾಲ್ಕೂ ಹಾಕಿದ್ರ ಸರಿ ಬಡೀತಾವ.

ಅಕ್ಕ, ನಾನಾ ಪೇಠ: ಮಾಮಾ, ನಾಲ್ಕೂ ಬಡದ್ರ ಬಲ್ಬ್ ಎಲ್ಲಾ ಚಲೋ ಅನ್ನಾಕ ಬರೂದಿಲ್ರಿ. ಆಗ ಎರಡೂ ಕಡಿ ಭಾರ ಕೂಡಿ ಬರತೈತಿ. ಒಂದು ಬಲ್ಬ್ ಸತ್ತಿದ್ರೂ ಫ್ಲ್ಯಾಶರಿಗೆ ಅದು ಗೊತ್ತಾಗೂದಿಲ್ಲ, ಸಾವಕಾಶನ ಬಡೀತೈತಿ. ಕೆಳಗಿಳಿದು ಬಂಡಿ ಸುತ್ತ ಒಂದು ಸುತ್ತು ಹಾಕಿ ಕಣ್ಣಿಲೇ ನೋಡಬೇಕು. ಬಲ್ಬಿನ ಬುಡದ ಮ್ಯಾಲ ಬರದ ವಾಟೂ ಓದಬೇಕು. 21ರ ಜಾಗಾದಾಗ 10 ವಾಟಿಂದು ಕೂತಿರತೈತಿ, ಅದೂ ಜೋರ ಬಡಿಯಾಕ ಕಾರಣ.

ಇನ್ನೊಂದು. ನಾಲ್ಕೂ ಹಾಕೋ ಬಟನ್ನಿಗೆ ಬ್ಯಾಟರಿಯಿಂದ ಬ್ಯಾರೆ ಫ್ಯೂಜಿನ ದಾರಿ ಇರತೈತಿ. ಲಿವರಿನ ಸಪ್ಲೈ ಚಾವಿ ಹಾಕಿದ ಮ್ಯಾಲ ಬರತೈತಿ, ಬಹಳ ಬಂಡ್ಯಾಗ ಅದ ಬಟನ್ನಿನ ಒಳಗಿನ ಒಂದು ಕಾಂಟ್ಯಾಕ್ಟ್ ದಾಟಿ ಫ್ಲ್ಯಾಶರಿಗೆ ಹೋಗತೈತಿ. ಆ ಕಾಂಟ್ಯಾಕ್ಟ್ ಕಿಲುಬು ಹಿಡದ್ರ ನಾಲ್ಕೂ ಬಡೀತಾವ, ಎಡಾನೂ ಇಲ್ಲ ಬಲಾನೂ ಇಲ್ಲ. ಅಂಥಾದ್ರಾಗ ಬಟನ್ 10–15 ಸಲ ಒತ್ತಿ ಬಿಟ್ಟ್ರ ಒಮ್ಮೊಮ್ಮೆ ಜೀವ ಬರತೈತಿ, ಲಿವರ್ ಸ್ವಿಚ್ ಕೊಳ್ಳೂದು ದಂಡ. ನಿಮ್ಮ ಬಂಡ್ಯಾಗ ಎಡ ಸರಿ ಐತಿ. ಹಂಗಾಗಿ ಫ್ಯೂಜ್, ಫ್ಲ್ಯಾಶರ್, ಆ ಬಟನ್ ಮೂರೂ ಪಾರಾದವು. ಉಳಿದದ್ದು ಲಿವರಿನ ಬಲಗಡಿ ಕಾಂಟ್ಯಾಕ್ಟ್, ಕಪ್ಲರ್ (ವೈರ್ ಕೂಡೋ ಪ್ಲಗ್), ಅಲ್ಲಿಂದ ಬಲ್ಬಿನ ತನಕ ವೈರ್, ಬಲಗಡಿ ಅರ್ಥಿಂಗ್ (ಬಂಡಿ ಬಾಡಿಗೆ ಕೂಡೋ ದಾರಿ).

ಕಾಕಾ, ಭೋಸರಿ: ನಿಂದು ಖರೆ ಐತಿ ನೋಡವಾ. ನನ್ನ ಅನುಮಾನ ಅರ್ಥಿಂಗ್ ಮ್ಯಾಲ. ಹಿಂದಿನ ಬಲ ಹೋಲ್ಡರಿಗೆ ಕೆಸರು ನೀರು ಸಿಡಿದು ಹಸರ ಕಿಲುಬು ಹಿಡೀತೈತಿ. ಇಂಡಿಕೇಟರ್ ಹಾಕಿದಾಗ ಜೋಡಿಗೆ ಹಿಂದಿನ ಕೆಂಪು ದೀಪಾನೂ ಮಿಣಕ್ ಅಂದ್ರ ಅರ್ಥಿಂಗ್ ಅಂತನ ತಿಳೀಬೇಕು.

ಅಣ್ಣ, ಮಾರ್ಕೆಟ್ ಯಾರ್ಡ್: ಕೆಂಪು ಮಿಣುಕೂದಿಲ್ಲ ಕಾಕಾ. ಬಲ್ಬ್ ಎಲ್ಲಾ ಹತ್ತತಾವ, ಬುಡದಾಗ 21 ಅಂತನ ಐತಿ. ಬಲದಾಗ ಮುಂದಿಂದೂ ಹಿಂದಿಂದೂ ಎರಡೂ ಮಂಕ. ಕವರ್ ಬಿಚ್ಚಿ ಸ್ವಿಚ್ಚಿಗೆ ಮಲ್ಟಿಮೀಟರ್ ಹಚ್ಚಿದೆ, ಬಲಕ್ಕ ಹಾಕಿದ್ರ ಬೀಪ್ ಬಂತು. ಹಂಗಾರ ಸ್ವಿಚ್ ಚಲೋ ಐತಿ?

ಕಾಕಾ, ಭೋಸರಿ: ಬೀಪ್ ಬಂದ್ರ ಮುಗೀತು, ಸ್ವಿಚ್ ಚಲೋ.

ಅಕ್ಕ, ನಾನಾ ಪೇಠ: ಇಲ್ಲ ಕಾಕಾ, ಇಲ್ಲೇ ಎಲ್ಲಾರೂ ಎಡವತಾರ. ಮೀಟರಿನ ಬೀಪಿಗೆ ಮಿಲಿಆಂಪಿಯರಿನ ಲೆಕ್ಕದ ಕರೆಂಟ್ ಸಾಕು. ಸುಟ್ಟ ಕಾಂಟ್ಯಾಕ್ಟ್ ಸೂಜಿಮೊನಿಯಷ್ಟ ತಾಗಿದ್ರೂ ಬೀಪ್ ಅನ್ನತೈತಿ, ಆದ್ರ 4 ಆಂಪಿಯರ್ ಅದ್ರಾಗ ಹಾಯೂದಿಲ್ಲ. ಭಾರ ಹೊತ್ತಾಗ ನೋಡಬೇಕು. ಮುಂದಿನದು, ಹಿಂದಿನದು ಎರಡೂ ಮಂಕ ಅಂದ್ರ ಹಿಂದಿನ ಹೋಲ್ಡರಿಂದಷ್ಟ ಅಲ್ಲ, ಎರಡಕ್ಕೂ ಕೂಡಿದ ದಾರ್ಯಾಗ ಐತಿ.

ಹಿಂಗ ಮಾಡು. ಮಿಣುಕುವಾಗ ಮೀಟರ್ ಓದಾಕ ಬರೂದಿಲ್ಲ, ಅದಕ್ಕ ಫ್ಲ್ಯಾಶರ್ ಕಿತ್ತು ತಗಿ. ಅದರ ಸಾಕೆಟಿನ್ಯಾಗ ಬಿ ಮತ್ತ ಎಲ್ ಅನ್ನೋ ಎರಡು ಪಾಯಿಂಟ್, ಕೆಲವದ್ರಾಗ 49 ಮತ್ತ 49ಎ ಅಂತ ಬರದಿರತೈತಿ, ಅವೆರಡನ್ನ 15 ಆಂಪಿಯರ್ ಫ್ಯೂಜ್ ಇರೋ ವೈರಿಲೇ ಕೂಡಸು. ಮೂರನೇದು ಅರ್ಥಿಂಗ್, ಅದನ್ನ ಮುಟ್ಟಬ್ಯಾಡ. ಚಾವಿ ಹಾಕಿ ಬಲಕ್ಕ ಒತ್ತು, ದೀಪ ಮಿಣುಕದ ನಿಂತು ಉರೀತಾವ. ಮೀಟರ್ ಡಿಸಿ 20 ವೋಲ್ಟಿಗೆ ಇಡು. ಒಂದು ಮೊನಿ ಸ್ವಿಚ್ಚಿನ ಒಳಬರೋ ವೈರಿಗೆ, ಇನ್ನೊಂದು ಬಲಕ್ಕ ಹೋಗೋ ವೈರಿಗೆ, ಕಪ್ಲರ್ ಬಿಚ್ಚದ ಹಿಂದಿನಿಂದ ತಾಗಸು. 0.2 ವೋಲ್ಟಿನೊಳಗ ಬಂದ್ರ ಸ್ವಿಚ್ ಚಲೋ. ಅರ್ಧ ವೋಲ್ಟ್ ದಾಟಿದ್ರ ಬದಲಿಸೂದ.

ಅಣ್ಣ, ಮಾರ್ಕೆಟ್ ಯಾರ್ಡ್: 2.6 ಬಂತು! ಎಡಕ್ಕ 0.3. ಲಿವರಿನ ಬುಡ ಕೈಗೆ ಬಿಸಿ ಹತ್ತತೈತಿ.

ಮಾಮಾ, ಪನವೇಲ್: ನಾ ಮೊದಲ ಹೇಳಿದ್ದೆ, ಸ್ವಿಚ್ಚ.

ಕಾಕಾ, ಭೋಸರಿ: ಒಪ್ಪಿದೆ. ಆದ್ರ ಸುಟ್ಟದ್ದು ಯಾಕ, ಅದನ್ನ ಹುಡುಕದ ಹೊಸದು ಹಾಕಿದ್ರ ಅದೂ ಸುಡತೈತಿ. 47 ವಾಟಿಗೆ ಲಿವರ್ ಬಿಸಿ ಆಗಬಾರದು. ಹಿಂದ ಜಾಳಗಿ ಮ್ಯಾಲ ಏನರ ದೀಪ ಹಾಕಸೀಯೇನ?

ಅಣ್ಣ, ಮಾರ್ಕೆಟ್ ಯಾರ್ಡ್: ಬಾಡಿ ಕಟ್ಟಿದವರು ಎರಡೂ ಬಾಜೂಕ ಎರಡೆರಡು ಹಳದಿ ದೀಪ ಇಟ್ಟಾರ. ಅವೂ 21ರವ. ಇಂಡಿಕೇಟರ್ ವೈರಿಗೇ ಸುತ್ತಿ ಟೇಪ್ ಹಚ್ಯಾರ.

ಕಾಕಾ, ಭೋಸರಿ: ಸಿಕ್ಕಿತು. 47ಕ್ಕ 42 ಕೂಡಿ 89 ವಾಟ್, 7.4 ಆಂಪಿಯರ್. ಆ ಸ್ವಿಚ್ ಅದರ ಅರ್ಧ ಭಾರಕ್ಕ ಮಾಡಿದ್ದು. 2.6 ವೋಲ್ಟ್ ಅಲ್ಲೇ ಉಳದ್ರ ದೀಪ ಹತ್ತಿದಾಗೊಮ್ಮೆ 17 ವಾಟಿನ ಕಾವು ಅಕ್ಕಿಕಾಳಿನಷ್ಟು ಕಾಂಟ್ಯಾಕ್ಟಿನ್ಯಾಗ. ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಂಟ್ಯಾಕ್ಟ್ ಸಡಿಲ ಬೀಳತೈತಿ, ಅದಕ್ಕ ಒತ್ತಿ ಹಿಡದ್ರ ಹತ್ತೂದು. ಹೈವೇದಾಗ ಓವರ್‌ಟೇಕಿಗೆ ಬಲದ್ದ ಹೆಚ್ಚು ಹಾಕತೀರಿ, ಅದು ಮೊದಲ ಹೋತು. ಎಡದ 0.3 ನೋಡಿದ್ರ ಅದೂ ಅದ ದಾರಿ ಹಿಡದೈತಿ.

ಅಣ್ಣ, ಮಾರ್ಕೆಟ್ ಯಾರ್ಡ್: ಸ್ಪ್ರೇ ಹೊಡದು ಸದ್ಯಕ್ಕ ನಡಸ್ಲೇನ?

ಅಕ್ಕ, ನಾನಾ ಪೇಠ: ತುಕ್ಕು ಬಿಡಸೋ ಸ್ಪ್ರೇ ಹೊಡೀಲೇಬ್ಯಾಡ. ಎಣ್ಣಿ ಉಳಿದು ಧೂಳಾ ಹಿಡೀತೈತಿ. ಕಾಂಟ್ಯಾಕ್ಟ್ ಕ್ಲೀನರ್ ಬರೇ ಕಿಲುಬಿದ್ರ ಕೆಲಸ ಮಾಡತೈತಿ, ಕರಗಿದ ಪ್ಲಾಸ್ಟಿಕಿಗೆ ಅಲ್ಲ. ಹೊಸದು ತಗೊಳ್ಳುವಾಗ ಹಳೇದನ್ನ ಕೈಯಾಗ ಹಿಡಕೊಂಡ ಬಾ. ಮಾಡೆಲ್ ಹೆಸರು ಒಂದ ಇದ್ರೂ ಕಪ್ಲರಿನ ಪಿನ್ ಎಷ್ಟು, ವೈಪರ್ ಲಿವರ್ ಜೋಡಿಗೆ ಐತೋ ಬ್ಯಾರೆನೋ, ಫಾಗ್ ಲೈಟಿನ ತಿರುವು ಐತೋ ಇಲ್ಲೋ, ಇಷ್ಟರಾಗ ಒಂದು ಬದಲಿದ್ರೂ ಕೂಡೂದಿಲ್ಲ. ಕಪ್ಲರಿನ್ಯಾಗ ಬಲದ ಪಿನ್ ಕಂದು ಬಣ್ಣಕ್ಕ ತಿರುಗಿದ್ರ ಅದನ್ನೂ ಬದಲಸು, ಇಲ್ಲಾಂದ್ರ ಹೊಸ ಸ್ವಿಚ್ಚಿನ ಕಾಲು ಅಲ್ಲೇ ಸುಡತೈತಿ.

ಕಾಕಾ, ಭೋಸರಿ: ಬಿಚ್ಚೋ ಕ್ರಮ ಹೇಳತೀನಿ. ಗಾಲಿ ನೆಟ್ಟಗ ಮಾಡಿ ಬ್ಯಾಟರಿ ನೆಗೆಟಿವ್ ತಗಿ. ಏರ್‌ಬ್ಯಾಗ್ ಇದ್ರ, ಹಳದಿ ಕಪ್ಲರ್ ಕಂಡ್ರ, ಅಲ್ಲೇ ನಿಂದರು, ಅದಕ್ಕ ಮೀಟರ್ ಹಚ್ಚಬಾರದು, ಗೊತ್ತಿದ್ದವರ ಕಡೆ ಒಯ್ಯಿ. ಇಲ್ಲಾಂದ್ರ ಹಾರ್ನ್ ಪ್ಯಾಡ್ ತಗದು ಸ್ಟೇರಿಂಗ್ ಚಕ್ರದ ನಡುವಿನ ನಟ್ ಸಡಿಲ ಮಾಡು, ಪೂರ್ತಿ ತಗೀಬ್ಯಾಡ. ಕಡೀ ಎರಡು ಸುತ್ತು ಉಳಸಿದ್ರ ಚಕ್ರ ತಟ್ಟನೆ ಬಿಟ್ಟು ಮುಖಕ್ಕ ಬಡಿಯೂದಿಲ್ಲ. ಶಾಫ್ಟಿಗೂ ಚಕ್ರಕ್ಕೂ ಪೇಂಟಿಲೇ ಒಂದು ಗುರುತು. ಪುಲ್ಲರ್ (ಚಕ್ರ ಎಳದು ತಗಿಯೋ ಸಾಧನ) ಹಚ್ಚು, ಹಿಂದಿನಿಂದ ಸುತ್ತಿಗೀಲೆ ಬಡಿಯಬ್ಯಾಡ, ಅಪಘಾತದಾಗ ಮಡಚೋ ಹಂಗ ಮಾಡಿದ ಕಾಲಮ್ ಕೆಡತೈತಿ. ಕೆಲವು ಮಾಡೆಲಿನ್ಯಾಗ ಚಕ್ರ ತಗೀದನ ಸ್ವಿಚ್ ಬಾಜೂಕ ಸರೀತೈತಿ, ಮೊದಲ ಅದನ್ನ ನೋಡು.

ಅಕ್ಕ, ನಾನಾ ಪೇಠ: ಕೂಡಸುವಾಗ ಲಿವರ್ ನಡುವ ಇರಬೇಕು. ಎಡಕ್ಕೋ ಬಲಕ್ಕೋ ಒತ್ತಿದ್ದಾಗ ಚಕ್ರ ಕೂಡಿಸಿದ್ರ ಇಂಡಿಕೇಟರ್ ವಾಪಸ್ ತರೋ ಪ್ಲಾಸ್ಟಿಕ್ ನಾಲಿಗಿ ಮುರೀತೈತಿ. ವೈರ್ ಮೊದಲಿನ ದಾರ್ಯಾಗ ಟೈ ಹಾಕಿ ಬಿಗಿ, ಕವರಿನ ಅಂಚಿಗೆ ಸಿಕ್ಕಬಾರದು.

ಮಾಮಾ, ಪನವೇಲ್: ಜಾಳಗಿ ದೀಪ ಕಿತ್ತು 3 ವಾಟಿನ ಎಲ್‌ಇಡಿ ಹಾಕಿಬಿಡ್ರಿ.

ಕಾಕಾ, ಭೋಸರಿ: ನಾ ರಿಲೇ ಅಂತೀನಿ, ಅಂದ್ರ ಸಣ್ಣ ಕರೆಂಟಿಲೇ ದೊಡ್ಡ ಕರೆಂಟ್ ಹಾಯಸೋ ಸ್ವಿಚ್, ಎಡಕ್ಕೊಂದು ಬಲಕ್ಕೊಂದು. ಇಂಡಿಕೇಟರ್ ವೈರ್ ಅದರ 86 ನಂಬರ್ ಪಿನ್ನಿಗೆ, ಅರ್ಥಿಂಗ್ 85ಕ್ಕ, ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಜಿನ ವೈರ್ 30ಕ್ಕ, 87ರಿಂದ ದೀಪಕ್ಕ.

ಅಕ್ಕ, ನಾನಾ ಪೇಠ: ಮಾಮಾನ ಮಾತು ಚಲೋ ಕಾಕಾ. ರಿಲೇ ನಿಮಿಷಕ್ಕ 80–90 ಸಲ ಬಡಕೊಂಡು ಅದೂ ಸವೀತೈತಿ. ಬಂಡಿಯ ಸ್ವಂತ 21ರ ಬಲ್ಬ್ ಹಂಗ ಇರೂದಕ್ಕ ಎಲ್‌ಇಡಿಯಿಂದ ಜೋರ ಬಡಿಯೋ ಕಾಟ ಬರೂದಿಲ್ಲ. ನಾಲ್ಕೂ ಕೂಡಿ 12 ವಾಟ್, ಒಂದು ಕಡಿಗೆ ಬರೇ 6.

ಕಾಕಾ, ಭೋಸರಿ: ಹೂಂ, ಸವಕಳಿ ಮಾತು ಬರೋಬ್ಬರಿ ಐತಿ. ಎಲ್‌ಇಡಿ ಹಾಕು. ಆ ಟೇಪ್ ಜೋಡಣಿ ಕತ್ತರಿಸಿ ಬೆಸುಗಿ ಹಾಕಿ ಸ್ಲೀವ್ ಏರಸು.

ಅಣ್ಣ, ಮಾರ್ಕೆಟ್ ಯಾರ್ಡ್: ಹಾಕಿ ಆತು. ಹಳೇದನ್ನ ಬಿಚ್ಚಿ ನೋಡಿದೆ, ಬಲದ ಹಿತ್ತಾಳಿ ಪಟ್ಟಿ ನೀಲಿ ಬಿದ್ದೈತಿ, ಸುತ್ತಲಿನ ಬಿಳೇ ಪ್ಲಾಸ್ಟಿಕ್ ಬೆಲ್ಲದ ಬಣ್ಣ. ಈಗ ಬಲಕ್ಕ 0.08, ಎಡಕ್ಕ 0.07 ವೋಲ್ಟ್. ಫ್ಲ್ಯಾಶರ್ ವಾಪಸ್ ಹಾಕಿ ಎಣಿಸಿದೆ, ಎರಡೂ ಕಡಿ ನಿಮಿಷಕ್ಕ 84.