28 ಇಂಚಿನ ಹಳೆ ಸೈಕಲ್‌ಗೆ ಇಂಜಿನ್: 1910ರ ಕಾಲದ ನೋಟ ಬರಬೇಕು

ಕುಮಟಾ_ಕಡ್ಡಿ:
ರಾಡ್ ಬ್ರೇಕಿನ 28 ಇಂಚು ಸೈಕಲ್ ಇದೆ, ಫ್ರೇಮ್ ಗಟ್ಟಿ. ಮೇಲಿನ ಬಾರಿನ ಕೆಳಗೆ ಉದ್ದನೆ ಟ್ಯಾಂಕು, ಕೆಳಕ್ಕೆ ಬಾಗಿದ ಹ್ಯಾಂಡಲ್, ಸ್ಪ್ರಿಂಗ್ ಸೀಟು, ಹಿಂಚಕ್ರಕ್ಕೆ ಚರ್ಮದ ಬೆಲ್ಟು, ಹೀಗೆ ಮಾಡುವ ಯೋಚನೆ. ಆನ್‌ಲೈನಿನಲ್ಲಿ ಸಿಗುವ 66 ಸಿಸಿ ಟೂ ಸ್ಟ್ರೋಕ್ ಕಿಟ್ ಕೂರುತ್ತದಾ? ಗೋಕರ್ಣಕ್ಕೆ ಹೋಗಿಬರುವಷ್ಟು ಓಡಿದರೆ ಸಾಕು, ಶಿರಸಿ ದಾರಿಯ ದೇವಿಮನೆ ಘಾಟಿ ಹತ್ತಿದರೆ ಇನ್ನೂ ಸಂತೋಷ.

ಹೊನ್ನಾವರ_ಹ್ಯಾಂಡಲ್:
ಕೂರುತ್ತದೆ, ಆದರೆ ರಸ್ತೆಗೆ ಇಳಿಸಲಾಗದು. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು ನೋಡಿ: ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಇಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಅದು 'ಮೋಟಾರು ವಾಹನ' ಅಲ್ಲ. 66 ಸಿಸಿ ಹಾಕಿದಿರೋ, ನೋಂದಣಿ, ವಿಮೆ, ಲೈಸನ್ಸ್ ಎಲ್ಲ ಬೇಕು. ಸರ್ಕಾರಿ ಪರೀಕ್ಷೆಯ ಮಾದರಿ ಅನುಮೋದನೆ ಇಲ್ಲದೆ ಮನೆಯಲ್ಲಿ ಕಟ್ಟಿದ್ದಕ್ಕೆ ಕಾರವಾರದ ಕೆಎ 30 ಆಗಲಿ ಶಿರಸಿಯ 31 ಆಗಲಿ, ನಂಬರ್ ಸಿಗುವುದಿಲ್ಲ. ತೋಟದ ವೀಡ್‌ಕಟರಿನ 43, 52 ಸಿಸಿ ಇಂಜಿನ್ನಿಗೂ ಇದೇ ಗತಿ. 25 ಸಿಸಿಯ ಫೋರ್ ಸ್ಟ್ರೋಕ್ ಹುಡುಕಿ. ಹೋಂಡಾ ಜಿಎಕ್ಸ್25 ಆದರೆ ಒಂದು ಅಶ್ವಶಕ್ತಿ, ಆಯಿಲ್ 80 ಎಂಎಲ್ ಸಾಕು, ಪೆಟ್ರೋಲಿಗೆ ಬೆರೆಸುವ ತಾಪತ್ರಯವೂ ಇಲ್ಲ. (ಬೋರ್ ಅಂದರೆ ಸಿಲಿಂಡರಿನ ಅಗಲ 35, ಸ್ಟ್ರೋಕ್ ಅಂದರೆ ಪಿಸ್ಟನ್ ಓಡಾಟ 26 ಮಿಮೀ. ಲೆಕ್ಕ ಹಾಕಿದರೆ 25.01 ಬರುತ್ತದೆ! ಕಂಪನಿಯ ಕಾಗದದಲ್ಲಿ 25.0 ಅಂತಲೇ ಇದೆ. ಆ ಕಾಗದ, ಬಿಲ್ಲು ಜೊತೆಗಿರಲಿ.)

ಶಿರಸಿ_ಸ್ಪ್ರಾಕೆಟ್:
ಮೇಲಿನವರು ಹೇಳಿದ್ದು ಸರಿ. ಇಂಜಿನ್ ಸಣ್ಣದಾದ ಮೇಲೆ ಎಲ್ಲ ನಿಂತಿರುವುದು ಗೇರ್ ಅನುಪಾತದ ಮೇಲೆ, ಜನ ಎಡವುವುದೂ ಅಲ್ಲೇ.

28x1½ ಟೈರು ಒಂದು ಸುತ್ತಿಗೆ ಸುಮಾರು 2.23 ಮೀಟರ್ ಹೋಗುತ್ತದೆ. 5:1 ಗೇರ್‌ಬಾಕ್ಸ್, 10 ಹಲ್ಲಿನ ಮುಂದಿನ ಸ್ಪ್ರಾಕೆಟ್, ಕಿಟ್ಟಿನ 44 ಹಲ್ಲಿನ ಹಿಂದಿನದು ಹಾಕಿದರೆ ಒಟ್ಟು 22:1, ಅಂದರೆ ಚಕ್ರದ ಒಂದು ಸುತ್ತಿಗೆ ಇಂಜಿನ್ 22 ಸುತ್ತು. ಇಂಥ ಇಂಜಿನ್ನುಗಳ ಸೆಂಟ್ರಿಫ್ಯೂಗಲ್ ಕ್ಲಚ್ (ವೇಗ ಏರಿದಾಗ ತಾನೇ ಹಿಡಿಯುವಂಥದ್ದು) ಹಿಡಿಯುವುದೇ ನಿಮಿಷಕ್ಕೆ ಸುಮಾರು 4,000 ಸುತ್ತು ದಾಟಿದ ಮೇಲೆ. ಅಂದರೆ ಗಂಟೆಗೆ 24 ಕಿಮೀ ಬರುವವರೆಗೆ ಅದು ಜಾರುತ್ತಲೇ ಇರುತ್ತದೆ. ಸುಟ್ಟ ವಾಸನೆ ಬಂತೆಂದರೆ ಕ್ಲಚ್ಚಿನ ಶೂ ಹೋಯಿತು. ಅದೇ ಮುಂದೆ 9, ಹಿಂದೆ 56 ಹಲ್ಲು ಹಾಕಿ, 31:1 ಆಗುತ್ತದೆ. ಕ್ಲಚ್ 17 ಕಿಮೀಗೇ ಹಿಡಿಯುತ್ತದೆ, 6,000 ಸುತ್ತಿಗೆ 26 ಕಿಮೀ ವೇಗ. ಕಿಟ್ಟಿನ 415 ಅಳತೆಯ ಚೈನಿಗೆ 56 ಹಲ್ಲಿನ ಸ್ಪ್ರಾಕೆಟ್ ಹಲ್ಲಿನ ತುದಿ ಸೇರಿ ಸುಮಾರು 233 ಮಿಮೀ ಅಗಲವಾಗುತ್ತದೆ, ಹಿಂದಿನ ಫೋರ್ಕಿಗೆ ತಾಗುತ್ತದಾ ಅಂತ ಮೊದಲು ರಟ್ಟು ಕತ್ತರಿಸಿ ಇಟ್ಟು ನೋಡಿ. ದೇವಿಮನೆಯಲ್ಲಿ ವೇಗ 17ಕ್ಕಿಂತ ಇಳಿದರೆ ಪೆಡಲ್ ತುಳಿಯಲೇಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು. ಕಿಟ್ಟಿನ ಸ್ಪ್ರಾಕೆಟ್ 9 ಬೋಲ್ಟು, ಎರಡು ರಬ್ಬರ್ ಬಿಲ್ಲೆಯಿಂದ ಕಡ್ಡಿಗಳನ್ನು ಕಚ್ಚಿ ಕೂರುವಂಥದ್ದು, 36 ಕಡ್ಡಿಯ ಚಕ್ರಕ್ಕೆ ಮಾಡಿದ್ದು. ನಮ್ಮ 28 ಇಂಚಿನ ಸೈಕಲ್ಲಿಗೆ ಹಿಂದೆ 40, ಮುಂದೆ 32. ಒತ್ತಾಯಕ್ಕೆ ಕೂರಿಸಿದರೆ ಸ್ಪ್ರಾಕೆಟ್ ಓಲಾಡಿ ಚೈನು ಕಳಚುತ್ತದೆ, ಆಮೇಲೆ ಕಡ್ಡಿ ಒಂದೊಂದಾಗಿ ತುಂಡಾಗುತ್ತವೆ. ಲೇತಿನಲ್ಲಿ 10 ತೂತಿನ ಬಿಲ್ಲೆ ಮಾಡಿಸಿ, ನಾಲ್ಕು ಕಡ್ಡಿಗೊಂದರಂತೆ ಸರಿ ಬರುತ್ತದೆ. ಚಕ್ರದ ನಡುವಿನ ಹಬ್ ಅನ್ನೇ ಹಿಡಿಯುವ ಎರಡು ಹೋಳಿನ ಕ್ಲಾಂಪ್ ಆದರೆ ಇನ್ನೂ ಒಳ್ಳೆಯದು.

ಚರ್ಮದ ಬೆಲ್ಟು ಬೇಡ. ಜೂನಿನ ಮೊದಲ ಮಳೆಗೇ ಜಾರುತ್ತದೆ.

ಕಾರವಾರ_ತುಕ್ಕು:
ಫ್ರೇಮಿನ ಬಗ್ಗೆ ಯಾರೂ ಹೇಳಲಿಲ್ಲ. ಕೊಳವೆಗಳು ಸೇರುವ ಮೂಲೆಯ ಲಗ್ಗುಗಳ ಜೋಡಣೆ ಹಿತ್ತಾಳೆ ಬೆಸುಗೆಯದು. ಅದರ ಪಕ್ಕದಲ್ಲೇ ಆರ್ಕ್ ವೆಲ್ಡಿಂಗ್ ಮಾಡಿಸಿದರೆ ಹಿತ್ತಾಳೆ ಕರಗಿ ಉಕ್ಕಿಗೆ ಸೇರಿ, ವೆಲ್ಡು ಮೇಲೆ ಚೆಂದ ಕಂಡರೂ ಒಳಗೆ ಬಿರುಕು ಬಿಡುತ್ತದೆ. ಕೊಳವೆಗೆ ತೂತನ್ನೂ ಕೊರೆಯಬೇಡಿ. ಸೀಟಿನ ಕೊಳವೆ, ಕೆಳಗಿನ ಕೊಳವೆ ಸಾಮಾನ್ಯವಾಗಿ 28.6 ಮಿಮೀ; ಕ್ಯಾಲಿಪರ್ ಹಿಡಿದು ನೋಡಿ, ಅದೇ ಅಳತೆಗೆ ಬೋರ್ ಮಾಡಿದ ಕ್ಲಾಂಪ್ ಹಾಕಿಸಿ. ನಡುವೆ ಹಳೆ ಟ್ಯೂಬಿನ ತುಂಡು ಸುತ್ತುವ ಅಭ್ಯಾಸ ಬಹಳ ಜನಕ್ಕಿದೆ. ಇಂಜಿನ್ ಅಲುಗಾಡಲು ಜಾಗ ಸಿಕ್ಕಿ ಬೋಲ್ಟು ತುಂಡಾಗುವುದು ಅದರಿಂದಲೇ.

ದೋಣಿಗೆ ಹಾಕುವ ಸ್ಟೇನ್‌ಲೆಸ್ ಬೋಲ್ಟು ಇಲ್ಲಿ ಸುಲಭಕ್ಕೆ ಸಿಗುತ್ತದೆ, ಮಡ್‌ಗಾರ್ಡಿಗೆ, ಟ್ಯಾಂಕಿಗೆ ಹಾಕಿ. ಇಂಜಿನ್ ಹಿಡಿಯುವ ಜಾಗಕ್ಕೆ ಮಾತ್ರ 8.8 ಗ್ರೇಡಿನ ಗಟ್ಟಿ ಉಕ್ಕಿನದೇ ಬೇಕು, ಉಪ್ಪುಗಾಳಿಗೆ ಗ್ರೀಸ್ ಬಳಿದು.

ಟ್ಯಾಂಕಿಗೆ ಜಿಐ (ಸತು ಲೇಪದ) ಶೀಟು ಬೇಡ. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಒಳಗಿನ ಸತುವನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಅದು ಕಾರ್ಬ್ಯುರೇಟರಿಗೆ ಸೇರಿ ಇಂಜಿನ್ ಉಸಿರು ಕಟ್ಟುತ್ತದೆ. 1 ಮಿಮೀ ಸ್ಟೇನ್‌ಲೆಸ್ ಶೀಟು ತರಿಸಿ. ಮುಚ್ಚಳಕ್ಕೆ ಗಾಳಿತೂತು ಇರಲಿ. ಆ ಜಿಎಕ್ಸ್25 ಇಂಜಿನ್ನಿನದು ಡಯಾಫ್ರಾಮ್ ಕಾರ್ಬ್ಯುರೇಟರ್, ಪೆಟ್ರೋಲನ್ನು ತಾನೇ ಎಳೆಯುವಂಥದ್ದು; ಟ್ಯಾಂಕಿನಿಂದ ಬರುವುದೊಂದು, ತಿರುಗಿ ಹೋಗುವುದೊಂದು, ಎರಡು ಪೈಪು ಬೇಕು. ಟ್ಯಾಂಕು ಇಂಜಿನ್ನಿಗಿಂತ ಮೇಲಿರುವುದರಿಂದ ಪೈಪಿಗೆ ಕಾಕ್ (ನಲ್ಲಿ) ಹಾಕಿ, ನಿಲ್ಲಿಸಿದಾಗ ಮುಚ್ಚಿ.

ಕುಮಟಾ_ಕಡ್ಡಿ:
ಉಪಕಾರವಾಯಿತು. ಆ 25 ಸಿಸಿ ಇಂಜಿನ್ನಿನ ಪ್ಲಾಸ್ಟಿಕ್ ಕವಚ ನೋಡಿದರೆ ಹಳೆ ಕಾಲದ ನೋಟವೇ ಹೋಗುತ್ತದಲ್ಲ, ಬಿಚ್ಚಬಹುದಾ?

ಶಿರಸಿ_ಸ್ಪ್ರಾಕೆಟ್:
ಬಿಚ್ಚಬೇಡಿ ಮಾರಾಯ್ರೆ. ಫ್ಯಾನಿನ ಗಾಳಿಯನ್ನು ಸಿಲಿಂಡರಿನ ರೆಕ್ಕೆಗಳ ಮೇಲೆ ಹಾಯಿಸುವುದೇ ಆ ಕವಚ. ಬೇಕಾದರೆ ಅದೇ ಆಕಾರಕ್ಕೆ ತಾಮ್ರದ ತಗಡಿನಲ್ಲಿ ಇನ್ನೊಂದು ಮಾಡಿಸಿ, ಗಾಳಿ ಎಳೆಯುವ ಬಾಯಿ ಒಂದಿಷ್ಟೂ ಸಣ್ಣದಾಗದಂತೆ. ನೋಟದ ಮುಕ್ಕಾಲು ಪಾಲು ಇಂಜಿನ್ ಇಡುವ ಜಾಗದಿಂದ ಬರುತ್ತದೆ. 1901ರ ಹೊತ್ತಿಗೆ ಫ್ರಾನ್ಸಿನ ವರ್ನರ್ ಸಹೋದರರು ಇಂಜಿನ್ನನ್ನು ಮುಂಚಕ್ರದ ಮೇಲಿಂದ ಇಳಿಸಿ ಪೆಡಲಿನ ಹತ್ತಿರ ತಂದಿದ್ದರು, ನೀವೂ ಆದಷ್ಟು ಕೆಳಗೆ, ನಡುವೆ ಇಡಿ. ಪೆಡಲ್ ಇಂಜಿನ್ನಿಗೆ ತಾಗಿದರೆ ಪೆಡಲಿನ ನಡುವಿನ ಆಕ್ಸಲ್ ಉದ್ದದ್ದು ಹಾಕಿ.

ಹೊನ್ನಾವರ_ಹ್ಯಾಂಡಲ್:
ಬ್ರೇಕ್ ಮರೆಯಬೇಡಿ. ಕ್ರೋಮ್ ರಿಮ್ಮಿನ ಮೇಲೆ ರಾಡ್ ಬ್ರೇಕ್ ಒದ್ದೆಯಾದರೆ ಹಿಡಿಯುವುದೇ ಇಲ್ಲ ಅನ್ನಬಹುದು. ಮುಂಚಕ್ರಕ್ಕೆ ಒಳಗೇ ಬ್ರೇಕ್ ಇರುವ ಡ್ರಮ್ ಹಬ್ ಹಾಕಿಸಿ. ಅದರ ಕಡ್ಡಿ ತೂತು ಎಣಿಸಿ, ಅಷ್ಟೇ ತೂತಿನ ರಿಮ್ ತನ್ನಿ.