ರಾಕಿ ಪರ್ವತದ ಕಾಡಿನ ಕಲ್ಲುಮಣ್ಣು: ಹಳೆಯ ವಿವರಣೆಯೊಂದನ್ನು ಇಂದಿನ ವರ್ಗೀಕರಣದಲ್ಲಿ ಎಲ್ಲಿಡಬೇಕು?

ಪ್ರಶ್ನೆ — ಅರಣ್ಯವಿದ್ಯಾರ್ಥಿ

ಮಾನ್ಯರೇ,

ಅರಣ್ಯ ಮಣ್ಣುಗಳ ಅಭ್ಯಾಸಕ್ಕಾಗಿ ನಮಗೆ ಕೊಲರಾಡೋ ಭಾಗದ ರಾಕಿ ಪರ್ವತಗಳ ಒಂದು ಮಣ್ಣಿನ ವಿವರಣೆಯನ್ನು ಕೊಟ್ಟು, ಅದನ್ನು ಇಂದಿನ ಅಮೆರಿಕನ್ ಪದ್ಧತಿಯಲ್ಲಿ ವರ್ಗೀಕರಿಸಲು ಹೇಳಿದ್ದಾರೆ. ವಿವರಣೆಯ ಶೈಲಿ ಹಳೆಯದು. ಅದರಲ್ಲಿ ಮಣ್ಣಿಗೆ ‘ಗ್ರೇ ವುಡೆಡ್’ ಎಂಬ ಹೆಸರಿದೆ.

ಸುಮಾರು 2,900 ಮೀಟರ್ ಎತ್ತರದ ಇಳಿಜಾರು. ಎಂಗೆಲ್ಮನ್ ಸ್ಪ್ರೂಸ್ ಮತ್ತು ಲಾಜ್‌ಪೋಲ್ ಪೈನ್ ಮರಗಳ ಕಾಡು. ಗ್ರಾನೈಟ್ ಮತ್ತು ನೈಸ್ ಕಲ್ಲುಗಳು ಬೆರೆತ ಹಿಮನದಿಯ ನಿಕ್ಷೇಪ. ಮೇಲ್ಗಡೆ 5–0 ಸೆಂ.ಮೀ. ಎಂದು ಗುರುತಿಸಿರುವ ಸೂಜಿಯೆಲೆಗಳ ಕಸದ ಹಾಸು. ಅದರ ಕೆಳಗೆ 3 ಸೆಂ.ಮೀ.ವರೆಗೆ ತೆಳುವಾದ ಕಪ್ಪು ಎ1. 3ರಿಂದ 30 ಸೆಂ.ಮೀ.ವರೆಗೆ ತಿಳಿಬೂದು ಬಣ್ಣದ ಎ2, ಜೇಡಿ ಶೇ. 9, ರಸಸಾರ 5.4, ಕಲ್ಲು ತೂಕದಲ್ಲಿ ಶೇ. 30. ನಂತರ 45 ಸೆಂ.ಮೀ.ವರೆಗೆ ಬೂದು ಮತ್ತು ಕಂದು ಬೆರೆತ ‘ಎ ಮತ್ತು ಬಿ’ ಸ್ತರ. 45ರಿಂದ 80 ಸೆಂ.ಮೀ.ವರೆಗೆ ಬಿ2ಟಿ, ಜೇಡಿ ಶೇ. 24, ರಸಸಾರ 5.8, ಬೇಸ್ ಸ್ಯಾಚುರೇಶನ್ (ಮಣ್ಣಿನ ಕಣಗಳ ಹಿಡಿತದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಬೇಸ್‌ಗಳ ಪಾಲು) ಶೇ. 70, ಕಲ್ಲು ತೂಕದಲ್ಲಿ ಶೇ. 60. ಅದರಾಚೆ 110 ಸೆಂ.ಮೀ.ವರೆಗೆ ಸಿ ಸ್ತರ. ಅಲ್ಲಿ ದೊಡ್ಡ ಬಂಡೆಯೊಂದು ಎದುರಾಗಿ ಅಗೆತ ನಿಂತಿದೆ.

ಅರ್ಧಕ್ಕಿಂತ ಹೆಚ್ಚು ಕಲ್ಲೇ ಇರುವ ಈ ಮಣ್ಣನ್ನು ಇನ್ನೂ ರೂಪುಗೊಳ್ಳದ ಎಂಟಿಸಾಲ್ ಎನ್ನಬೇಕಲ್ಲವೇ? ಬೂದುಬಣ್ಣದ ಸ್ತರ ಇರುವುದರಿಂದ ಇದು ಪಾಡ್ಸಾಲ್, ಅಂದರೆ ಸ್ಪೋಡೊಸಾಲ್ ಎಂದು ಸಹಪಾಠಿಯೊಬ್ಬರು ವಾದಿಸುತ್ತಿದ್ದಾರೆ. ಯಾವ ದಾರಿಯಲ್ಲಿ ತೀರ್ಮಾನಕ್ಕೆ ಬರಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ — ಭೂಸ್ತರ

ನಿಮ್ಮ ಎರಡೂ ಊಹೆಗಳು ಸಹಜವಾದವೇ ಆದರೂ ಎರಡೂ ನಿಲ್ಲುವುದಿಲ್ಲ. ಅಮೆರಿಕನ್ ಪದ್ಧತಿಯಲ್ಲಿ ಮಣ್ಣಿನ ಗಣವನ್ನು ತೀರ್ಮಾನಿಸುವುದು ಕಲ್ಲುಗಳ ಪ್ರಮಾಣವಲ್ಲ, ಕಲ್ಲುಗಳ ನಡುವೆ ಇರುವ 2 ಮಿ.ಮೀ.ಗಿಂತ ಸಣ್ಣ ಕಣಗಳ ನುಣ್ಣನೆಯ ಮಣ್ಣಿನಲ್ಲಿ ಏನೇನು ನಡೆದಿದೆ ಎಂಬ ಸಂಗತಿ. ಕಲ್ಲಿನ ಲೆಕ್ಕ ಬಹಳ ಕೆಳಗೆ, ಕುಟುಂಬದ ಹಂತದಲ್ಲಿ ಬರುತ್ತದೆ (ಮೇಲಿನಿಂದ ಕೆಳಕ್ಕೆ ಹಂತಗಳು: ಗಣ, ಉಪಗಣ, ಮಹಾಗುಂಪು, ಉಪಗುಂಪು, ಕುಟುಂಬ). ಮೊದಲ ಹೆಜ್ಜೆಯಲ್ಲೇ ಕಲ್ಲನ್ನು ನೋಡಿ ಎಂಟಿಸಾಲ್ ಎಂದು ಬರೆದುಬಿಟ್ಟರೆ, ಆ ಮಣ್ಣು ಸಾವಿರಾರು ವರ್ಷಗಳಲ್ಲಿ ಪಡೆದ ಸ್ತರಗಳನ್ನೆಲ್ಲ ಅಳಿಸಿಹಾಕಿದಂತಾಗುತ್ತದೆ.

ಮೊದಲು ಹಳೆಯ ಗುರುತುಗಳನ್ನು ಇಂದಿನವಕ್ಕೆ ಬದಲಾಯಿಸಿಕೊಳ್ಳಿ. ಎ2 ಎಂದರೆ ಈಗಿನ ಇ ಸ್ತರ, ತೊಳೆದು ಬಿಳಿಚಿದ ಸ್ತರ. ಬಿ2ಟಿ ಎಂದರೆ ಬಿಟಿ, ಜೇಡಿ ಸೇರಿದ ಸ್ತರ. ‘ಎ ಮತ್ತು ಬಿ’ ಎಂದಿರುವುದು ಇ/ಬಿ ಅಥವಾ ಬಿ/ಇ, ಯಾವ ಭಾಗ ಹೆಚ್ಚಿದೆಯೋ ಅದು ಮೊದಲು ಬರುತ್ತದೆ. ಕಸದ ಹಾಸನ್ನು ಇಂದು ಓ ಸ್ತರವೆಂದು ಕರೆದು, ಅದರ ಮೇಲ್ಭಾಗದಿಂದಲೇ ಆಳವನ್ನು ಎಣಿಸುತ್ತಾರೆ. ಆದ್ದರಿಂದ ಹೊಸ ವಿವರಣೆ ಬರೆಯುವಾಗ ಎಲ್ಲ ಆಳಗಳಿಗೂ 5 ಸೆಂ.ಮೀ. ಕೂಡಿಸಬೇಕು. ಆದರೆ ನಿಮ್ಮ ಮಣ್ಣಿಗೆ ಅನ್ವಯಿಸುವ ವರ್ಗೀಕರಣದ ಆಳದ ಮಿತಿಗಳು ಖನಿಜ ಮಣ್ಣಿನ ಮೇಲ್ಮೈಯಿಂದ ಅಳೆದವಾದ್ದರಿಂದ, ಅವನ್ನು ಪರಿಶೀಲಿಸುವಾಗ ಹಳೆಯ ಅಂಕಿಗಳೇ ನೇರವಾಗಿ ಉಪಯೋಗಕ್ಕೆ ಬರುತ್ತವೆ. ವಿದ್ಯಾರ್ಥಿಗಳು ತೀರ ಹೆಚ್ಚಾಗಿ ಎಡವುವ ಜಾಗ ಇದು.

ಈಗ ಜೇಡಿಯ ಲೆಕ್ಕ. ಮೇಲಿನ ಸ್ತರದಲ್ಲಿ ಜೇಡಿ ಶೇ. 15ಕ್ಕಿಂತ ಕಡಿಮೆ ಇದ್ದಾಗ, ಕೆಳಗಿನ ಸ್ತರ ಆರ್ಜಿಲಿಕ್ (ಮೇಲಿನಿಂದ ಇಳಿದ ಜೇಡಿ ನೆಲೆಸಿದ ಸ್ತರ) ಎನಿಸಿಕೊಳ್ಳಲು ಅದರಲ್ಲಿ ಕನಿಷ್ಠ 3 ಶೇಕಡಾಂಶದಷ್ಟು ಹೆಚ್ಚು ಜೇಡಿ ಇರಬೇಕು; ಮೇಲೆ ಶೇ. 15ರಿಂದ 40ರವರೆಗೆ ಇದ್ದರೆ 1.2 ಪಟ್ಟು ಇರಬೇಕು. ನಿಮ್ಮಲ್ಲಿ ಶೇ. 9ರಿಂದ 24ಕ್ಕೆ ಏರಿದೆ, ಸಂದೇಹಕ್ಕೆ ಎಡೆಯೇ ಇಲ್ಲ. ಬೇಸ್ ಸ್ಯಾಚುರೇಶನ್ ಶೇ. 35ರ ಗಡಿಗಿಂತ ಬಹಳ ಮೇಲಿದೆ. ಹಾಗಾಗಿ ಇದು ಆಲ್ಫಿಸಾಲ್, ಅಂದರೆ ಕೆಳಗೆ ಜೇಡಿ ಸೇರಿದ, ಬೇಸ್‌ಗಳು ಸಾಕಷ್ಟು ಉಳಿದಿರುವ ಮಣ್ಣುಗಳ ಗಣ.

ಸ್ಪೋಡೊಸಾಲ್ ಏಕಲ್ಲವೆಂದರೆ, ಬೂದುಬಣ್ಣದ ಇ ಸ್ತರ ಎರಡು ಬೇರೆ ಬೇರೆ ಕ್ರಿಯೆಗಳಿಂದಲೂ ಉಂಟಾಗಬಹುದು. ಸಾವಯವ ಆಮ್ಲಗಳೊಡನೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಕೆಳಗಿಳಿದು ಸಂಗ್ರಹವಾದರೆ ಸ್ಪೋಡಿಕ್ ಸ್ತರ ಆಗುತ್ತದೆ; ಜೇಡಿಯ ಕಣಗಳೇ ನೀರಿನೊಡನೆ ಇಳಿದು ನೆಲೆಸಿದರೆ ಆರ್ಜಿಲಿಕ್ ಆಗುತ್ತದೆ. ತೀರ್ಪು ಕೊಡುವುದು ಬೂದು ಸ್ತರವಲ್ಲ, ಅದರ ಕೆಳಗಿರುವ ಸ್ತರ. ಕೊಲರಾಡೋದ ಈ ಎತ್ತರಗಳಲ್ಲಿ ಹಿಮ ಕರಗುವ ವಸಂತದಲ್ಲಿ ಬಹಳಷ್ಟು ನೀರು ಒಮ್ಮೆಲೇ ಮಣ್ಣಿನ ಮೂಲಕ ಇಳಿಯುತ್ತದೆ, ಆಮೇಲೆ ಮಣ್ಣು ಒಣಗುತ್ತದೆ. ಜೇಡಿ ಸಾಗಲು ಇಷ್ಟು ಸಾಕು. ಬೇಸ್‌ಗಳು ಪೂರ್ತಿ ತೊಳೆದುಹೋಗಲು ಸಾಲದು.

‘ಗ್ರೇ ವುಡೆಡ್’ ಎಂಬುದು ಇಂಥ ಮಣ್ಣಿಗೇ ಇಟ್ಟ ಹೆಸರು. ಕೆನಡಾದ ಪದ್ಧತಿಯಲ್ಲಿ ಇದೇ ಬಗೆಯವು ಇಂದು ಗ್ರೇ ಲುವಿಸಾಲ್‌ಗಳು. ಅಮೆರಿಕದಲ್ಲಿ 1975ರ ‘ಸಾಯಿಲ್ ಟ್ಯಾಕ್ಸಾನಮಿ’ಯ ಮೊದಲ ಆವೃತ್ತಿಯಂತೆ ಇವುಗಳಲ್ಲಿ ಹೆಚ್ಚಿನವು ಕ್ರಯೊಬೊರಾಲ್ಫ್ ಆಗಿದ್ದವು, 1999ರ ಎರಡನೆಯ ಆವೃತ್ತಿಯಲ್ಲಿ ಬೊರಾಲ್ಫ್ ಎಂಬ ಉಪಗಣವನ್ನೇ ಕೈಬಿಟ್ಟು ಕ್ರಯಾಲ್ಫ್ (ಶೀತಪ್ರದೇಶದ ಆಲ್ಫಿಸಾಲ್) ಎಂಬುದನ್ನು ತಂದಿದ್ದಾರೆ.

ಉತ್ತರ — ಕಾಡಿನೊಳಗಿಂದ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ‘ಸಂದೇಹಕ್ಕೆ ಎಡೆಯೇ ಇಲ್ಲ’ ಎಂಬ ಮಾತನ್ನು ಸ್ವಲ್ಪ ತಡೆಹಿಡಿಯಬೇಕು. ಪರ್ವತದ ಇಳಿಜಾರಿನಲ್ಲಿ ಎರಡು ಬೇರೆ ಬೇರೆ ನಿಕ್ಷೇಪಗಳು ಒಂದರ ಮೇಲೊಂದು ಕೂತಿರುವುದು ಅಪರೂಪವಲ್ಲ. ಮೇಲಿನಿಂದ ಜಾರಿಬಂದ ಮರಳುಭರಿತ ಮಣ್ಣು ಜೇಡಿ ಹೆಚ್ಚಿರುವ ಹಳೆಯ ನಿಕ್ಷೇಪವನ್ನು ಮುಚ್ಚಿದ್ದರೆ, ಜೇಡಿ ಒಂದಿಷ್ಟೂ ಕೆಳಗಿಳಿಯದಿದ್ದರೂ ಪ್ರಯೋಗಾಲಯದ ಅಂಕಿಗಳು ಹೀಗೇ ಕಾಣುತ್ತವೆ. ನಿಮ್ಮ ಮಣ್ಣಿನಲ್ಲಿ ಕಲ್ಲಿನ ಪ್ರಮಾಣ ಶೇ. 30ರಿಂದ 60ಕ್ಕೆ ಹಾರಿರುವುದು ನನಗೆ ಈ ಅನುಮಾನವನ್ನು ಹುಟ್ಟಿಸುತ್ತದೆ. ಆದ್ದರಿಂದಲೇ ಆರ್ಜಿಲಿಕ್ ಸ್ತರಕ್ಕೆ ಅಂಕಿಯ ಜೊತೆಗೆ ಜೇಡಿ ಇಳಿದುಬಂದ ಸಾಕ್ಷ್ಯವನ್ನೂ ಕೇಳುತ್ತಾರೆ: ರಂಧ್ರಗಳ ಒಳಗೋಡೆ, ಮಣ್ಣಿನ ಗಂಟುಗಳ ಮೇಲ್ಮೈ ಮತ್ತು ಕಲ್ಲುಗಳ ಮೇಲಿನ ಜೇಡಿಯ ಲೇಪ, ಇಲ್ಲವೇ ಮರಳಿನ ಕಣಗಳ ನಡುವೆ ಜೇಡಿಯ ಸೇತುವೆ. ನಿಮ್ಮ ವಿವರಣೆಯಲ್ಲಿ ಬಿ2ಟಿ ಎಂಬ ಗುರುತಿನ ‘ಟಿ’ ಅಕ್ಷರ ಇದನ್ನು ಸೂಚಿಸುತ್ತದೆಯಾದರೂ, ಲೇಪದ ಬಗ್ಗೆ ಒಂದು ವಾಕ್ಯವಿದೆಯೇ ಎಂದು ಮೂಲದಲ್ಲಿ ಹುಡುಕಿ.

ಶೀತಪ್ರದೇಶದ ಕಲ್ಲುಮಣ್ಣಿನಲ್ಲಿ ಇನ್ನೊಂದು ಮೋಸವಿದೆ. ಬಿಟಿ ಸ್ತರದಿಂದ ಮುಷ್ಟಿಗಾತ್ರದ ಕಲ್ಲೊಂದನ್ನು ಅದಿದ್ದ ಭಂಗಿ ನೆನಪಿಟ್ಟುಕೊಂಡು ಹೊರತೆಗೆದರೆ, ಮೇಲ್ಮುಖದ ಮೇಲೆ ಮಾತ್ರ ಟೊಪ್ಪಿಗೆಯಂತೆ ಕೂತ ತಿಳಿಬಣ್ಣದ ಪದರ ಹಲವು ಸಲ ಸಿಗುತ್ತದೆ. ಅದು ಹಿಮ ಕರಗಿದ ನೀರು ತಂದು ಬಿಟ್ಟ ರೇವೆ, ಅಂದರೆ ಹೂಳಿನ ಕಣಗಳು, ಜೇಡಿಯಲ್ಲ. ಬೆರಳಿನಿಂದ ಉಜ್ಜಿದರೆ ಹಿಟ್ಟಿನಂತೆ ಉದುರುತ್ತದೆ, ಹೊಳಪಿಲ್ಲ. ಜೇಡಿಯ ಲೇಪವಾದರೋ ಭೂತಗನ್ನಡಿಯಲ್ಲಿ ಮೇಣದ ಹೊಳಪಿನಿಂದ ಕಾಣುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ಅಡಿಯ ಮರಳುಕಣಗಳ ಉಬ್ಬುತಗ್ಗನ್ನು ಮುಚ್ಚಿ ನುಣುಪಾಗಿಸಿರುತ್ತದೆ. ಲೇಪ ಎಲ್ಲೂ ಸಿಗದೆ, ಬಣ್ಣ ಮತ್ತು ರಚನೆ ಮಾತ್ರ ಬದಲಾಗಿದ್ದರೆ ಅದು ಬಿಡಬ್ಲ್ಯೂ ಸ್ತರವಾಗಿ, ಮಣ್ಣು ಇನ್ನೂ ಹೆಚ್ಚು ಬೆಳೆಯದ ಮಣ್ಣುಗಳ ಇನ್ಸೆಪ್ಟಿಸಾಲ್ ಗಣದ ಕ್ರಯೆಪ್ಟ್ ಉಪಗಣಕ್ಕೆ ಸೇರುತ್ತದೆ. ಗ್ರಾನೈಟಿನ ಮೇಲಿನ ಎಳೆಯ ನಿಕ್ಷೇಪಗಳಲ್ಲಿ ಅವು ಧಾರಾಳವಾಗಿ ಸಿಗುತ್ತವೆ.

ನಿಕ್ಷೇಪದ ವಯಸ್ಸೂ ಇಲ್ಲಿ ಮುಖ್ಯ. ರಾಕಿ ಪರ್ವತಗಳಲ್ಲಿ ಪೈನ್‌ಡೇಲ್ ಎಂಬ ಕೊನೆಯ ಹಿಮಯುಗದ ನಿಕ್ಷೇಪಗಳಿಗಿಂತ, ಅದಕ್ಕೂ ಬಹಳ ಹಿಂದಿನ ಬುಲ್ ಲೇಕ್ ನಿಕ್ಷೇಪಗಳಲ್ಲಿ ಬಿಟಿ ಸ್ತರ ಸಾಮಾನ್ಯವಾಗಿ ಹೆಚ್ಚು ದಪ್ಪ, ಹೆಚ್ಚು ಜೇಡಿಯುಕ್ತ. ಅಲ್ಲಿ ಹಿಮನದಿಯ ನಿಕ್ಷೇಪಗಳನ್ನು ಒಂದರಿಂದೊಂದು ಬೇರ್ಪಡಿಸಲು ಈ ಸ್ತರವನ್ನೇ ಒಂದು ಆಧಾರವಾಗಿ ಬಳಸುತ್ತಾರೆ.

ಮತ್ತೆ ಪ್ರಶ್ನೆ — ಅರಣ್ಯವಿದ್ಯಾರ್ಥಿ

ಇಬ್ಬರಿಗೂ ಧನ್ಯವಾದಗಳು. ಮೂಲವನ್ನು ಮತ್ತೆ ಓದಿದೆ: ‘ರಂಧ್ರಗಳಲ್ಲಿಯೂ ಕಲ್ಲುಗಳ ಎಲ್ಲ ಬದಿಗಳಲ್ಲಿಯೂ ತೆಳುವಾದ, ಹೊಳೆಯುವ ಜೇಡಿಲೇಪ’ ಎಂಬ ಅರ್ಥದ ಸಾಲು ಇದೆ. ಹಾಗಾದರೆ ಆಲ್ಫಿಸಾಲ್ ಎಂಬುದು ನಿಂತಿತು ಎಂದುಕೊಳ್ಳುತ್ತೇನೆ. ಇನ್ನು ಮಹಾಗುಂಪು, ಕುಟುಂಬ ಮತ್ತು ಕ್ರಯಿಕ್ (ಶೀತ) ಎಂಬ ಉಷ್ಣತೆಯ ಷರತ್ತು ಉಳಿದಿವೆ. ತೂಕದ ಶೇ. 60 ಕಲ್ಲನ್ನು ಹಾಗೆಯೇ ಬಳಸಬಹುದೇ? 110 ಸೆಂ.ಮೀ. ಆಳದ ಬಂಡೆಯನ್ನು ತಳಬಂಡೆ ಎನ್ನಬಹುದೇ?

ಉತ್ತರ — ಭೂಸ್ತರ

ತೂಕದ ಶೇಕಡಾವನ್ನು ಹಾಗೆಯೇ ಬಳಸುವಂತಿಲ್ಲ. ಕುಟುಂಬದ ಹಂತದಲ್ಲಿ ಕೇಳುವುದು ಗಾತ್ರದ ಶೇಕಡಾ. ಕಲ್ಲಿನ ಸಾಂದ್ರತೆ 2.65, ನುಣ್ಣನೆಯ ಮಣ್ಣಿನ ಒಟ್ಟು ಸಾಂದ್ರತೆ 1.2 ಎಂದಿಟ್ಟುಕೊಂಡರೆ, 100 ಗ್ರಾಮಿನಲ್ಲಿ 60 ಗ್ರಾಂ ಕಲ್ಲು 22.6 ಘನ ಸೆಂ.ಮೀ. ಜಾಗ ಹಿಡಿಯುತ್ತದೆ, 40 ಗ್ರಾಂ ಮಣ್ಣು 33.3 ಘನ ಸೆಂ.ಮೀ. ಹಿಡಿಯುತ್ತದೆ, ಅಂದರೆ ಗಾತ್ರದಲ್ಲಿ ಕಲ್ಲು ಸುಮಾರು ಶೇ. 40. ಬಿಟಿ ಸ್ತರ ಇನ್ನೂ ಬಿಗಿಯಾಗಿದ್ದು ಸಾಂದ್ರತೆ 1.5 ಇದ್ದರೆ ಅದು ಶೇ. 46ಕ್ಕೆ ಏರುತ್ತದೆ. ಎರಡೂ ಶೇ. 35ರ ಗಡಿಯನ್ನು ದಾಟಿರುವುದರಿಂದ ಇದು ‘ಸ್ಕೆಲಿಟಲ್’ ವರ್ಗ, ಜೇಡಿ ಶೇ. 35ಕ್ಕಿಂತ ಕಡಿಮೆ ಇರುವುದರಿಂದ ‘ಲೋಮಿ-ಸ್ಕೆಲಿಟಲ್’. ತೂಕದಲ್ಲಿ ಶೇ. 50 ಇದ್ದಿದ್ದರೆ ಸಾಂದ್ರತೆ 1.2ಕ್ಕೆ ಶೇ. 31, 1.5ಕ್ಕೆ ಶೇ. 36 ಬರುತ್ತಿತ್ತು, ಆಗ ಸಾಂದ್ರತೆಯನ್ನು ಅಳೆಯದೆ ಹೆಸರಿಡುವುದು ಸಾಧ್ಯವಿರುತ್ತಿರಲಿಲ್ಲ. ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಭಾಗ ಆರ್ಜಿಲಿಕ್ ಸ್ತರದ ಮೇಲಿನ 50 ಸೆಂ.ಮೀ.; ನಿಮ್ಮಲ್ಲಿ ಅದು ಒಟ್ಟು 35 ಸೆಂ.ಮೀ. ಮಾತ್ರ ಇರುವುದರಿಂದ ಇಡೀ ಸ್ತರವೇ ಲೆಕ್ಕಕ್ಕೆ ಬರುತ್ತದೆ.

ಬಂಡೆಯ ವಿಷಯ ಸುಲಭ. ಹಿಮನದಿಯ ನಿಕ್ಷೇಪದಲ್ಲಿ ಎದುರಾದ ಒಂಟಿ ಬಂಡೆ ತಳಬಂಡೆಯಲ್ಲ, ಮಣ್ಣಿನೊಳಗಿನ ದೊಡ್ಡ ಕಲ್ಲಷ್ಟೇ. ನಿಜವಾದ ತಳಬಂಡೆಯೇ ಆಗಿದ್ದರೂ ಲಿಥಿಕ್ ಉಪಗುಂಪಿಗೆ ಅದು 50 ಸೆಂ.ಮೀ. ಒಳಗೆ ಸಿಗಬೇಕು.

ಮಹಾಗುಂಪಿಗೆ ನಿಮ್ಮ 30–45 ಸೆಂ.ಮೀ. ಸ್ತರವೇ ಕೀಲಿಕೈ. ಬಿಳಿಚಿದ ಮಣ್ಣು ಆರ್ಜಿಲಿಕ್‌ನ ಉಳಿಕೆಗಳ ನಡುವೆ ನಾಲಿಗೆಗಳಂತೆ ಇಳಿದು, ಗಾತ್ರದಲ್ಲಿ ಶೇ. 15ರಿಂದ 85ರವರೆಗೆ ಇದ್ದು, ಸ್ತರ ಕನಿಷ್ಠ 5 ಸೆಂ.ಮೀ. ದಪ್ಪವಿದ್ದರೆ ಅದು ಗ್ಲಾಸಿಕ್ ಸ್ತರ. ಆಗ ಮಣ್ಣು ಗ್ಲಾಸೊಕ್ರಯಾಲ್ಫ್. ಇಲ್ಲದಿದ್ದರೆ ಹ್ಯಾಪ್ಲೊಕ್ರಯಾಲ್ಫ್. ಆರ್ಜಿಲಿಕ್ ಸ್ತರ 60 ಸೆಂ.ಮೀ.ಗಿಂತ ಮೇಲೆಯೇ ಆರಂಭವಾಗುವುದರಿಂದ ಪೇಲಿಕ್ರಯಾಲ್ಫ್ ಆಗುವ ಪ್ರಶ್ನೆಯಿಲ್ಲ. ‘ಎ ಮತ್ತು ಬಿ’ ಎಂಬ ಗುರುತನ್ನು ನೋಡಿದರೆ ನಾನು ಗ್ಲಾಸೊಕ್ರಯಾಲ್ಫ್ ಕಡೆಗೆ ವಾಲುತ್ತೇನೆ.

ಉತ್ತರ — ಕಾಡಿನೊಳಗಿಂದ

ಉಷ್ಣತೆಯ ಬಗ್ಗೆ ಎರಡು ಮಾತು. ಕ್ರಯಿಕ್ ಎನ್ನಲು 50 ಸೆಂ.ಮೀ. ಆಳದ ವಾರ್ಷಿಕ ಸರಾಸರಿ 0ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿದ್ದು, ಬೇಸಿಗೆಯೂ ತಂಪಾಗಿರಬೇಕು. ನೀರು ನಿಲ್ಲದ ಮಣ್ಣಿಗೆ ಓ ಸ್ತರವಿದ್ದರೆ ಬೇಸಿಗೆಯ ಸರಾಸರಿ 8 ಡಿಗ್ರಿಗಿಂತ, ಇಲ್ಲದಿದ್ದರೆ 15 ಡಿಗ್ರಿಗಿಂತ ಕಡಿಮೆ ಇರಬೇಕು. ಕಾಡ್ಗಿಚ್ಚಿನಲ್ಲಿ ಸೂಜಿಯೆಲೆಯ ಹಾಸು ಸುಟ್ಟುಹೋದರೆ ಅದೇ ಮಣ್ಣಿಗೆ ಇನ್ನೊಂದು ಅಳತೆಗೋಲು ಅನ್ವಯಿಸುತ್ತದೆ ಎಂಬುದು ಈ ನಿಯಮದ ವಿಚಿತ್ರ. ಲಾಜ್‌ಪೋಲ್ ಪೈನ್ ಇರುವಲ್ಲೆಲ್ಲ ಬೆಂಕಿಯ ಇತಿಹಾಸವನ್ನು ಮನಸ್ಸಿನಲ್ಲಿಡಬೇಕು. ಮಣ್ಣಿನ ಅಳತೆ ಇಲ್ಲದಾಗ ಗಾಳಿಯ ವಾರ್ಷಿಕ ಸರಾಸರಿಗೆ 1 ಡಿಗ್ರಿ ಕೂಡಿಸಿ ಅಂದಾಜಿಸುವುದು ಅಮೆರಿಕದಲ್ಲಿ ರೂಢಿ, ಆದರೆ ದಪ್ಪ ಹಿಮದ ಹೊದಿಕೆ ಚಳಿಗಾಲದಲ್ಲಿ ಮಣ್ಣನ್ನು ಬೆಚ್ಚಗಿಡುವುದರಿಂದ ಆ ಅಂದಾಜು ತಪ್ಪಬಹುದು.

ಅಂತರರಾಷ್ಟ್ರೀಯ ಪದ್ಧತಿಯಲ್ಲೂ ನೋಡುವುದಾದರೆ, ಲೆಪ್ಟೊಸಾಲ್ ಎಂದು ಬರೆಯುವ ಆತುರ ಬೇಡ. ಅದಕ್ಕೆ 25 ಸೆಂ.ಮೀ. ಒಳಗೆ ಅಖಂಡ ಬಂಡೆ ಬೇಕು, ಇಲ್ಲವೇ 75 ಸೆಂ.ಮೀ.ವರೆಗಿನ ಸರಾಸರಿಯಲ್ಲಿ ನುಣ್ಣನೆಯ ಮಣ್ಣು ಗಾತ್ರದ ಶೇ. 20ಕ್ಕಿಂತ ಕಡಿಮೆ ಇರಬೇಕು.

ಹೆಸರು ಸಿಕ್ಕಿದ ಮೇಲೆ ‘ಲೋಮಿ-ಸ್ಕೆಲಿಟಲ್’ ಎಂಬ ಪದವನ್ನು ವರದಿಯ ಮೂಲೆಯಲ್ಲಿ ಬಿಡಬೇಡಿ. ಪ್ರಯೋಗಾಲಯದ ಅಂಕಿಗಳೆಲ್ಲ ಜರಡಿ ಹಿಡಿದ ಮಣ್ಣಿನವು. ಆ ಮಣ್ಣು ಗಾತ್ರದ ಶೇ. 15ರಷ್ಟು ನೀರನ್ನು ಮರಗಳಿಗೆ ಸಿಗುವಂತೆ ಹಿಡಿಯುತ್ತದೆ ಎಂದುಕೊಂಡರೆ, 35 ಸೆಂ.ಮೀ. ಬಿಟಿ ಸ್ತರಕ್ಕೆ 5.2 ಸೆಂ.ಮೀ. ನೀರು ಎಂಬ ಲೆಕ್ಕ ಬರುತ್ತದೆ, ಕಲ್ಲಿನ ಶೇ. 40ನ್ನು ಕಳೆದರೆ ಉಳಿಯುವುದು 3.1 ಸೆಂ.ಮೀ. ಚೆನ್ನಾಗಿ ಶಿಥಿಲವಾದ ಗ್ರಾನೈಟ್ ತುಣುಕುಗಳು ತಾವೂ ಒಂದಿಷ್ಟು ನೀರು ಹಿಡಿಯುತ್ತವೆಯಾದ್ದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಹೆಚ್ಚಿರಬಹುದು. ಇಂಗಾಲದ ಸಂಗ್ರಹದ ಲೆಕ್ಕಕ್ಕೂ ಇದೇ ಕಡಿತ ಅನ್ವಯಿಸುತ್ತದೆ.